ಬಿಸಿನೀರಿನ ಚೀಲದ ವಂಶಾವಳಿ

ನಮ್ಮ ಜಯನಗರದ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಕೆಂಪು ರಬ್ಬರ್ ಚೀಲವೊಂದು ಸದಾ ನೇತಾಡುತ್ತಿರುತ್ತದೆ. ಮುಟ್ಟಿನ ದಿನಗಳಲ್ಲಿ ಬಿಸಿನೀರು ತುಂಬಿ ಹೊಟ್ಟೆಯ ಮೇಲಿಟ್ಟುಕೊಳ್ಳುವ ಈ ಚೀಲ ಅಜ್ಜಿಯಿಂದ ದೊಡ್ಡಮ್ಮನಿಗೆ, ಅಲ್ಲಿಂದ ನೇರವಾಗಿ ನನಗೆ ಬಂದದ್ದು. ತಾಯಿಯ ಕಡೆಯಿಂದ ತಕರಾರಿಲ್ಲದೆ ದಕ್ಕಿದ ಏಕೈಕ ಚರಾಸ್ತಿ. ನಡುವೆ ಅಮ್ಮನಿಗೆ ಅದು ಬೇಕೇ ಆಗಿರಲಿಲ್ಲವೆಂದು ನಾನು ನಂಬಿದ್ದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬೆವರಿಳಿಸಿದ ನಾನು, ಈ ನೋವಿನ ವಿಷಯದಲ್ಲಿ ಮಾತ್ರ ಹತ್ತು ವರ್ಷ ಅಮ್ಮನ ಒಂದೇ ವಾಕ್ಯಕ್ಕೆ ಸೋತಿದ್ದೆ: "ನಮ್ಮನೇಲಿ ಎಲ್ರಿಗೂ ಇದ್ದಿದ್ದೇ ಕಣೇ." ಹೋದ ತಿಂಗಳು ಆಫೀಸಿನ ಮೆಟ್ಟಿಲ ಮೇಲೆಯೇ ಕುಸಿದು ಕುಳಿತ ಮೇಲೆ, ಬನಶಂಕರಿಯ ವೈದ್ಯೆಯೊಬ್ಬರ ಮುಂದೆ ತಾಯಿಮಗಳಿಬ್ಬರೂ ಹಾಜರಾದೆವು. ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅದರ ಹೊರಗೂ ಬೆಳೆದು ಕಾಡುವ ಕಾಯಿಲೆ, ಎಂದ ಅವರು, "ಮನೇಲಿ ಬೇರೆ ಯಾರಿಗಾದ್ರೂ ಈ ಥರ ನೋವಿತ್ತಾ?" ಎಂದು ಕೇಳಿದರು.

"ಛೇ, ಯಾರಿಗೂ ಇಲ್ಲ ಮೇಡಂ. ಎಲ್ರೂ ನಾರ್ಮಲ್ಲು," ಅಂದಳು ಅಮ್ಮ.

ಓದುಗ ಮಿತ್ರರೇ, ವಾದ ಮಾಡುವವರಿಗೆ ಇಂಥ ಅವಕಾಶ ಜನ್ಮಕ್ಕೊಮ್ಮೆ! ಪಾಟೀಸವಾಲಿಗೆ ಇಳಿದೇಬಿಟ್ಟೆ.

"ಅಜ್ಜಿ ತಿಂಗಳಿಗೆ ಮೂರು ದಿನ ಮುದುರ್ಕೊಂಡು ಮಲಗ್ತಿದ್ರು ಅಂತ ನೀನೇ ಹೇಳಿದ್ಯಲ್ಲ?"

"ಅದು ಇದ್ದಿದ್ದೇ."

"ಇಟ್ಟಮಡು ದೊಡ್ಡಮ್ಮ ನೋವಿಗೆ ವಾಂತಿ ಮಾಡ್ಕೋತಿದ್ರಲ್ಲ?"

"ಅದೂ ಇದ್ದಿದ್ದೇ ಕಣೇ. ನಮ್ಮಲ್ಲಿ ಹೆಣ್ಮಕ್ಕಳೆಲ್ಲ ಹಾಗೇ!"

ವೈದ್ಯೆ ನಕ್ಕುಬಿಟ್ಟರು. "ನಾನು ಕೇಳಿದ್ದೂ ಅದನ್ನೇ ಅಮ್ಮ."

ಇದು ಯಾವುದೋ ಒಂದೇ ಜೀನಿನ ಕಿತಾಪತಿಯಲ್ಲ, ಹಲವು ಸೇರಿ ಸಾಧ್ಯತೆಯನ್ನು ಹೆಚ್ಚಿಸುತ್ತವೆ, ತಾಯಿಗಿದ್ದರೆ ಮಗಳಿಗೆ ಬಂದೇ ತೀರಬೇಕೆಂದೂ ಇಲ್ಲ ಎಂದು ಅವರು ವಿವರಿಸುತ್ತಿದ್ದರೆ, ನನಗೆ ಕುರ್ಚಿಯಿಂದ ಎದ್ದು ಕುಣಿಯಬೇಕೆನಿಸಿತು. ಇಷ್ಟು ಕಾಲ ನನ್ನ ಬಾಯಿ ಮುಚ್ಚಿಸಿದ್ದ ವಾಕ್ಯವೇ ನನ್ನ ಕಡೆಯ ಪ್ರಬಲ ಸಾಕ್ಷಿಯಾಗಿತ್ತು! ಮದುವೆಯ ಮಾತೆತ್ತಿದರೆ ಗೋತ್ರ, ನಕ್ಷತ್ರಗಳನ್ನು ಏಳು ತಲೆಮಾರು ಕೆದಕುವ ನಾವು, ಹೆಂಗಸರ ಹೊಟ್ಟೆನೋವಿನ ವಂಶವೃಕ್ಷವನ್ನು ಯಾಕೆ ಬರೆದಿಡಲಿಲ್ಲ?

ಹಿಂತಿರುಗುವಾಗ ಆಟೋದಲ್ಲಿ ನಾನು ವಿಜಯೋತ್ಸವದ ಭಾಷಣದಲ್ಲಿದ್ದೆ. ಅಮ್ಮ ರಸ್ತೆ ನೋಡುತ್ತಲೇ ಅಂದಳು, "ನಂಗೂ ಇತ್ತು ಕಣೇ. ಈಗ್ಲೂ ಇದೆ. ಇರೋದೊಂದು ಚೀಲ, ನಿಂಗೆ ಬೇಕಲ್ಲ ಅಂತ ಸುಮ್ನಿರ್ತಿದ್ದೆ."

ಎಲ್ಲದಕ್ಕೂ ಪುರಾವೆ ಕೇಳುವ ನಾನು, ಅಮ್ಮನಿಗೆ ನೋವಿಲ್ಲವೆಂಬುದನ್ನು ಮಾತ್ರ ಕೇಳದೆಯೇ ಒಪ್ಪಿಕೊಂಡಿದ್ದೆ. ಬಾಯಿಂದ ಹೊರಟದ್ದು ಒಂದೇ ಮಾತು: "ಅಣ್ಣಾ, ಗಾಡಿ ತಿರುಗ್ಸಿ!"

ಈಗ ಆ ಆಸ್ಪತ್ರೆಯಲ್ಲಿ ನಮ್ಮವು ಎರಡು ಫೈಲು, ಬಾಗಿಲ ಹಿಂದಿನ ಮೊಳೆಯಲ್ಲಿ ಎರಡು ಚೀಲ. ನೀಲಿಯದು ಅಮ್ಮನದು. ಅದು ಯಾರಿಂದಲೂ ಬಂದದ್ದಲ್ಲ. ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಅವಳೇ ಬಣ್ಣ ಆರಿಸಿದ್ದು.