ಹಳದಿ ಕಫ

ನನ್ನಪ್ಪ ನಾಗಣಸೂರಿನ ಕುರಿಗಾರ. ಹಿಂಡಿನಲ್ಲಿ ಒಂದು ಕುರಿ ಕೆಮ್ಮಿದರೆ ಸಾಕು, ಅದರ ಬಾಯಿ ಬಿಡಿಸಿ, ಹಿಕ್ಕೆ ನೋಡಿ, ಅದನ್ನು ಬೇರೆ ಕಟ್ಟುವವನು. ತಾನು ಮಾತ್ರ ನಾಲ್ಕು ತಿಂಗಳಿಂದ ಕೆಮ್ಮುತ್ತಿದ್ದರೂ, ಬೀಡಿ ಸೇದುವವನಿಗೆ ಕೆಮ್ಮು ಇದ್ದದ್ದೇ ಎಂದು ತಳ್ಳಿಹಾಕಿಬಿಡುತ್ತಿದ್ದ. ಅವನ ಮಗಳಾದ ನನಗೋ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. ಬಾಯಿಗೆ ಬಂದಂತೆ ಬೈದು ಸೊಲ್ಲಾಪುರದ ನಮ್ಮ ಮನೆಗೆ ಕರೆತಂದೆ.

ಎಕ್ಸ್‌ರೇ ನೋಡಿದ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಇರಬಹುದೆಂಬ ಅನುಮಾನ ಎಂದರು. ರಕ್ತದಲ್ಲಿ ಅದರ ಸುಳಿವು ಹುಡುಕುವ ಪರೀಕ್ಷೆ ಇದೆಯಂತೆ. ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ, ಸ್ಕ್ಯಾನ್ ಬೇಕು, ಮೂರು ದಿನ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ತೆಗೆದ ಕಫವೂ ಬೇಕು. ರೋಗ ಇದ್ದರೂ ಬೇಗ ಸಿಕ್ಕರೆ ತೆಗೆದುಹಾಕಬಹುದು ಎಂದರು. ಆ ‘ಬೇಗ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮನೆಗೆ ಬಂದೆ.

ಅಪ್ಪ ರಕ್ತ ಕೊಟ್ಟ, ಮೂರು ಡಬ್ಬಿ ಕಫವನ್ನೂ ಕೊಟ್ಟ. ಆಮೇಲೆ ಲ್ಯಾಬಿನಾಕೆ ಫೋನ್ ಮಾಡಿ, ಕಫದ ತುಂಬ ಅರಿಶಿನವೇ ಇದೆ, ಏನೂ ಕಾಣುತ್ತಿಲ್ಲ, ಮತ್ತೆ ಕೊಡಿ ಎಂದಳು. ಆಗ ನನಗೆ ಹೊಳೆಯಿತು. ಅಪ್ಪ ಎದ್ದ ಕೂಡಲೇ ಬೀರೋಬನ ಭಂಡಾರ, ಅಂದರೆ ದೇವರ ಅರಿಶಿನ, ಹಣೆಗೆ ಹಚ್ಚಿ ಒಂದು ಚಿಟಿಕೆ ಬಾಯಿಗೂ ಹಾಕಿಕೊಳ್ಳದೆ ಬೇರೆ ಕೆಲಸಕ್ಕೆ ಕೈ ಹಾಕುವವನಲ್ಲ. ಡಬ್ಬಿಗೆ ಉಗುಳುವ ಮೊದಲೂ ಅದನ್ನೇ ಮಾಡಿದ್ದ.

ಒಂದು ವಾರ ಹಾಳಾಯಿತೆಂದು ಕೂಗಾಡಿದೆ. ದೇವರು ಬೇಕೋ ಜೀವ ಬೇಕೋ ಎಂದೂ ಅಂದುಬಿಟ್ಟೆ. ಅನ್ನಬಾರದಿತ್ತು. ಅಪ್ಪ ಹೊಸ ಡಬ್ಬಿಯ ಮುಚ್ಚಳ ತಿರುವುತ್ತ ತಣ್ಣಗೆ ಹೇಳಿದ: “ಕುರಿ ಹಿಂದ ತಿರುಗಿದಂವ ಬೀರೋಬ. ರೋಗ ಮೊದಲ ಹಿಡೀಬೇಕು ಅನ್ನೂದು ಅವಗೂ ಗೊತ್ತೈತಿ. ಮೂರು ದಿನ ತಡೀತಾನ ತಗೋ.”

ಮೂರು ದಿನವೂ ಬಾಯಿ ತೊಳೆದು, ಕೆಮ್ಮಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟ ಮೇಲೆಯೇ ಭಂಡಾರ ಮುಟ್ಟಿದ.

ರಕ್ತದಿಂದ ಏನೂ ಖಚಿತವಾಗಿರಲಿಲ್ಲ, ಆದರೆ ಈ ಸಲ ಕಫದಲ್ಲಿ ಕೆಟ್ಟ ಜೀವಕೋಶಗಳು ಕಂಡವು. ಸ್ಕ್ಯಾನ್‌ನಲ್ಲಿ ಹುಣಸೆ ಬೀಜದಷ್ಟು ಗಡ್ಡೆ. ನಾನು ಹೆದರಿ ಅತ್ತೆ. ಆಪರೇಷನ್ ಆಯಿತು. ಕೆಲವು ದಿನಗಳ ನಂತರ ಡಾಕ್ಟರು ಅಪ್ಪನ ಮಂಚದ ಪಕ್ಕ ನಿಂತು, ಎಲ್ಲಿಯೂ ಹರಡಿಲ್ಲ, ಬಹಳ ಬೇಗ ಸಿಕ್ಕಿತು ಎಂದು ಮರಾಠಿಯಲ್ಲಿ ಹೇಳಿ ಹೋದರು.

ಅಪ್ಪ ನನ್ನ ಕಡೆ ತಿರುಗಿದ.

“ಅಂದ್ರ ಇನ್ನೂ ಭಾಳ ವರ್ಷ ನಿನ್ನ ಕಡಿಂದ ಬೈಸ್ಕೊಳ್ಳೂದು ಐತಿ ನೋಡವ್ವ.”

ಹೌದೆಂದು ತಲೆಯಾಡಿಸಿದೆ. ಎಷ್ಟು ಸಂತೋಷವಾಗಿತ್ತೆಂದರೆ, ಬೈಯಲು ಒಂದು ಮಾತೂ ಬಾಯಿಗೆ ಬರಲಿಲ್ಲ.