ನಮ್ಮ ಮನೆಗೆ ಅಮ್ಮ ಬಂದಾಗ

ಸಪ್ಪಲಮ್ಮನನ್ನು ನಂಬಿದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಹೊಸಕೋಟೆಯಿಂದ ರತ್ನಮ್ಮನ ನಮಸ್ಕಾರ. ಹೋದ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳವು. ನನ್ನ ತಮ್ಮನ ಮಗಳು ಹನ್ಸಿಕಾ ಮೈತುಂಬ ಗುಳ್ಳೆ ಎದ್ದು, ಉಸಿರಾಡಲು ಒದ್ದಾಡುತ್ತಾ ಮಲಗಿದ್ದಳು. ನಾನು ಅದೇ ಮನೆಯ ಬಾಗಿಲಾಚೆ ನಿಂತಿದ್ದೆ. ಒಳಗೆ ಬಿಡಲಿಲ್ಲ. ಬಿಡದೆ ಇದ್ದವಳು ಬೇರೆ ಯಾರೂ ಅಲ್ಲ, ನನ್ನ ಹೆತ್ತ ಅವ್ವ.

ನನ್ನ ಕೆಲಸ ಏನೆಂದು ಹೇಳದಿದ್ದರೆ ಅವ್ವನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ಪ್ರಚಾರದ ವಿಭಾಗಕ್ಕೆ ನಾನು ಮುಖ್ಯಸ್ಥೆ. ಕರಪತ್ರ, ಗೋಡೆಬರಹ, ಬೀದಿನಾಟಕ, ಆಟೋಗೆ ಮೈಕು ಕಟ್ಟಿ ಊರೂರು ಸುತ್ತಿಸುವುದು, ಪೇಪರಿನವರು ಫೋನ್ ಮಾಡಿದರೆ ಉತ್ತರ ಕೊಡುವುದು, ಎಲ್ಲಾ ನನ್ನ ತಲೆಮೇಲೆ. ಸೊಳ್ಳೆ ಹೆಚ್ಚಾದರೂ ನಾನೇ ಮಾತಾಡಬೇಕು, ನಾಯಿ ಕಚ್ಚಿದರೂ ನಾನೇ ಮಾತಾಡಬೇಕು. ಮಾತೇ ನನ್ನ ಅನ್ನ ಅನ್ನಿ.

ಆ ಸಲ ಅನುಗೊಂಡನಹಳ್ಳಿ ಹೋಬಳಿಯ ಕೆಲವು ಊರುಗಳಲ್ಲಿ ಮಕ್ಕಳಿಗೆ ದಡಾರ ಕಾಣಿಸಿಕೊಂಡಿತು. ನಮ್ಮ ಕಡೆ ದಡಾರ ಅಂದರೆ ಅಮ್ಮ, ದೇವಿ ಸಪ್ಪಲಮ್ಮನೇ ಮಗುವಿನ ಮೈಮೇಲೆ ಬಂದಳು ಅನ್ನುವ ಲೆಕ್ಕ. ಮನೆಗೆ ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಹೊರಗಿನವರನ್ನು ಬಿಡುವುದಿಲ್ಲ, ಅವಳಾಗಿ ಇಳಿದು ಹೋಗುವವರೆಗೆ ಮಗುವನ್ನು ಹೊಸ್ತಿಲು ದಾಟಿಸುವುದಿಲ್ಲ. ನಾನು ಹುಟ್ಟಿ ಬೆಳೆದ ಊರಲ್ಲೂ ಇದೇ ಪದ್ಧತಿ. ಅದು ಗೊತ್ತಿದ್ದೂ ಆಟೋದ ಮೈಕಿಗೆ ನಾನು ಬರೆದು ಕೊಟ್ಟಿದ್ದು ಹೀಗೆ: "ಇದು ಅಮ್ಮ ಅಲ್ಲ, ದಡಾರ. ಮೂಢನಂಬಿಕೆ ಬಿಡಿ, ಆಸ್ಪತ್ರೆಗೆ ಬನ್ನಿ." ದನಿಯೂ ನನ್ನದೇ. ಮೀಟಿಂಗಿನಲ್ಲಿ ಕೇಳಿಸಿದಾಗ ಎಲ್ಲರೂ ಚೆನ್ನಾಗಿದೆ ಅಂದರು. ಚುಟುಕಾಗಿದೆ, ಮನಸ್ಸಿಗೆ ನಾಟುತ್ತದೆ ಅಂದರು. ನಾಟಿತು, ನಾಟಬಾರದ ಕಡೆ ನಾಟಿತು. ಆಟೋ ಹೋದ ಊರುಗಳಲ್ಲಿ ಮುಚ್ಚಿದ ಬಾಗಿಲುಗಳು ಇನ್ನೂ ಭದ್ರವಾದವು. ನಮ್ಮ ಆಶಾ ಕಾರ್ಯಕರ್ತೆಯರನ್ನು ಜಗುಲಿ ಹತ್ತಲೂ ಬಿಡಲಿಲ್ಲ.

ಅಷ್ಟರಲ್ಲಿ ತಮ್ಮನ ಹೆಂಡತಿ ಶೋಭಾ ದನದ ಕೊಟ್ಟಿಗೆಯ ಹಿಂದೆ ನಿಂತು, ದನಿ ತಗ್ಗಿಸಿ ಫೋನ್ ಮಾಡಿದಳು. ಮಗುವಿಗೆ ಅಮ್ಮ ಬಂದಿದೆ, ಗುಳ್ಳೆ ಬಾಡಿದರೂ ಜ್ವರ ಬಿಟ್ಟಿಲ್ಲ, ಉಸಿರು ತೆಗೆದುಕೊಳ್ಳುವಾಗ ಪಕ್ಕೆ ಒಳಕ್ಕೆ ಹೋಗುತ್ತಿದೆ ಅಂದಳು. ಲಸಿಕೆಯ ಎರಡನೇ ಸೂಜಿ ಹಾಕಿಸುವ ದಿನ ಮಗುವಿಗೆ ನೆಗಡಿ ಇತ್ತಂತೆ, ಆಮೇಲೆ ಹಾಕಿಸಿದರಾಯಿತು ಎಂದು ಹಾಗೇ ಬಿಟ್ಟುಹೋಗಿತ್ತು. ನಾನು ಹೊಸಕೋಟೆಯ ಮಕ್ಕಳ ಡಾಕ್ಟರಿಗೆ ವಿಷಯ ತಿಳಿಸಿದೆ. ನ್ಯುಮೋನಿಯಾ ಇರಬಹುದು, ಇವತ್ತೇ ಕರೆದುಕೊಂಡು ಬನ್ನಿ, ನಾಳೆ ಅನ್ನಬೇಡಿ ಎಂದರು ಅವರು.

ಇಲಾಖೆಯ ಜೀಪು ಬೇಡವೆನಿಸಿ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮೈಕಿನ ವಿಷಯವನ್ನೇ ಮಾತಾಡುತ್ತಿದ್ದರು. ಆ ಹೆಂಗಸಿಗೆ ಮನೆಯಲ್ಲಿ ದೇವರು ದಿಂಡರು ಇಲ್ಲವೇನೋ ಅಂದಳು ಒಬ್ಬಳು. ಇಲ್ಲದೆ ಇರ್ತಾವಾ, ಸಂಬಳ ಬಂದ ಮೇಲೆ ಮರೆತಿರ್ತಾಳೆ ಅಂದಳು ಇನ್ನೊಬ್ಬಳು. ನಾನು ಸೆರಗು ತಲೆಗೆಳೆದುಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ. ವರ್ಷಾ ವರ್ಷಾ ಸಪ್ಪಲಮ್ಮನಿಗೆ ಮಡಿಲಕ್ಕಿ ಕಟ್ಟುವವಳು ನಾನು, ಯಾರಿಗೆ ಹೇಳಲಿ.

ಮನೆ ಮುಂದೆ ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಅರಿಶಿನದ ನೀರಿನ ಚೊಂಬಿತ್ತು. ನನ್ನ ಕಾಲಿಗೆ ಹಾಕಲಿಲ್ಲ.

"ಅಮ್ಮ ಅಲ್ಲ ಅಂತ ಊರಿಗೆಲ್ಲಾ ಸಾರಿದೋಳು ನೀನು. ಅವಳಿರೋ ಮನೆಗೆ ಯಾವ ಮುಖ ಇಟ್ಕೊಂಡು ಬಂದೆ?" ಎಂದಳು.

ಅವ್ವ ಬಯ್ದರೆ ನನಗೆ ಹೊಸದಲ್ಲ. ಆದರೆ ಒಳಗಿಂದ ಮಗುವಿನ ಉಸಿರಿನ ಸದ್ದು ಕೇಳುತ್ತಿತ್ತು, ಕೊಳಾಯಿಯಲ್ಲಿ ನೀರು ನಿಲ್ಲುವಾಗ ಗೊರಗೊರ ಅನ್ನುತ್ತದಲ್ಲ, ಹಾಗೆ. ನನ್ನ ತಮ್ಮ ಮಂಜು ಅಂಗಳದಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಅವನು ಅವ್ವನ ಮಾತು ಮೀರಿದವನೇ ಅಲ್ಲ. ಸಹೋದ್ಯೋಗಿಯೊಬ್ಬರು ಫೋನಿನಲ್ಲಿ, ಅಧಿಕಾರಿಗಳನ್ನು ಕರೆದುಕೊಂಡು ಹೋಗಿ ಮಗುವನ್ನು ಎತ್ತಿಕೊಂಡು ಬನ್ನಿ ಮೇಡಂ ಎಂದರು. ಅದೂ ನನ್ನ ಕೈಲಿತ್ತು. ಆದರೆ ಒಂದು ಮಗುವನ್ನು ಬಲವಂತದಿಂದ ಎತ್ತಿದರೆ ಉಳಿದ ಮನೆಯವರು ಮಕ್ಕಳನ್ನು ನೆಂಟರ ಮನೆಗಳಿಗೆ ಸಾಗಿಸಿ ಬಚ್ಚಿಡುತ್ತಾರೆ, ರೋಗವೂ ಅವರ ಜೊತೆಗೇ ಹೋಗುತ್ತದೆ. ಕೊನೆಗೆ ಬಲವಂತವೇ ಮಾಡಬೇಕಾಗಿ ಬಂದರೆ ಮಾಡುತ್ತೇನೆ, ಅದಕ್ಕೆ ಮುಂಚೆ ಸಪ್ಪಲಮ್ಮನನ್ನೊಂದು ಮಾತು ಕೇಳಿಬಿಡೋಣ ಎಂದು ಊರಾಚೆಯ ಅವಳ ಗುಡಿಗೆ ಹೊರಟೆ. ನಡೆದೆನೋ ಓಡಿದೆನೋ ನೆನಪಿಲ್ಲ.

ಗುಡಿಯಲ್ಲಿ ಪೂಜಾರಪ್ಪ ಒಬ್ಬರೇ ಇದ್ದರು. ನಾನು ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಜನರಿಗೆ ಹೇಗೆ ಹೇಳಬೇಕು ಎಂದು ಬೇರೆಯವರಿಗೆ ತರಬೇತಿ ಕೊಡುವವಳು ನಾನು, ಹೆತ್ತವಳಿಗೆ ಹೇಳಲು ನನ್ನಲ್ಲಿ ಒಂದು ಮಾತೂ ಇರಲಿಲ್ಲ. ತಾಯಿ, ನನ್ನ ಮಾತಿನಿಂದ ನಿನಗೆ ನೋವಾಗಿದ್ದರೆ ನನ್ನನ್ನು ಏನು ಬೇಕಾದರೂ ಮಾಡು, ಆ ಕೂಸನ್ನು ಬಿಡು, ಅವ್ವನ ಮನಸ್ಸು ತಿರುಗುವಂಥ ಒಂದು ಮಾತನ್ನು ನೀನೇ ಕೊಡು ಎಂದು ಬೇಡಿದೆ.

ಕಣ್ಣು ಒರೆಸಿಕೊಂಡು ನೋಡಿದರೆ ಅವ್ವ ಬಂದಿದ್ದಳು. ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಬಂದಿದ್ದಳು. ನನ್ನ ಕಡೆ ನೋಡಲಿಲ್ಲ. ಹೂವು ಕೇಳಬೇಕು ಎಂದಳು ಪೂಜಾರಪ್ಪನಿಗೆ. ನಮ್ಮಲ್ಲಿ ಮನಸ್ಸು ಎರಡಾದಾಗ ಹೀಗೆ ಕೇಳುತ್ತೇವೆ. ದೇವಿಯ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸುತ್ತಾರೆ, ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡವೆಂದು ಅರ್ಥ. ಅಷ್ಟು ಗಟ್ಟಿಯಾಗಿ ನಿಂತಿದ್ದ ಅವ್ವನಿಗೂ ಒಳಗೊಳಗೇ ಹೆದರಿಕೆ ಶುರುವಾಗಿದೆ ಎಂದು ನನಗೆ ಆಗಲೇ ಗೊತ್ತಾಗಿದ್ದು.

ಮಗುವನ್ನು ಆಸ್ಪತ್ರೆಗೆ ಕಳಿಸಲಾ ಎಂದು ಅವ್ವ ಕೇಳಿದಳು. ಹೂವು ಬೀಳಲಿಲ್ಲ. ಮತ್ತೆ ಕೇಳಿದಳು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಪೂಜಾರಪ್ಪ ಮಂಗಳಾರತಿ ಎತ್ತಿ, ಮನಸ್ಸಿನಲ್ಲಿ ಇರುವುದನ್ನು ಬಿಚ್ಚಿ ಕೇಳಬೇಕಮ್ಮ ಎಂದರು. ಆಗ ಅವ್ವ ನೆಲಕ್ಕೆ ಕೂತುಬಿಟ್ಟಳು. ನನಗಿಂತ ಮುಂಚೆ ಹುಟ್ಟಿ ತೀರಿಹೋದ ಅಣ್ಣನೊಬ್ಬ ಇದ್ದ ಎಂದು ಮಾತ್ರ ನನಗೆ ಗೊತ್ತಿತ್ತು. ಹೇಗೆ ಹೋದನೆಂದು ಅವತ್ತೇ ಕೇಳಿದ್ದು.

"ಅವನಿಗೂ ಅಮ್ಮ ಬಂದಿತ್ತು ಕಣವ್ವಾ," ಎಂದಳು, ದೇವಿಗೋ ನನಗೋ. "ಅವಳನ್ನ ಮನೇಲಿ ಬಿಟ್ಟು ಕೂಸನ್ನ ಗಾಡೀಲಿ ಹಾಕ್ಕೊಂಡು ಹೊಂಟ್ವಿ. ಬಂದೋಳಿಗೆ ಒಂದು ಮಾತೂ ಹೇಳಲಿಲ್ಲ. ದಾರೀಲೇ ನನ್ನ ತೊಡೆ ಮೇಲೆ ಹೋಗ್ಬಿಟ್ಟ."

ಅಷ್ಟು ವರ್ಷ ಈ ಸಂಕಟವನ್ನು ಒಬ್ಬಳೇ ಹೊತ್ತಿದ್ದಳು ನನ್ನ ಅವ್ವ. ಅಂಥವಳ ಕಿವಿಗೆ ನಾನು ಮೈಕಿನಲ್ಲಿ ಮೂಢನಂಬಿಕೆ ಎಂದು ಕೂಗಿಸಿದ್ದೆ. ಅವಳ ಕೈ ಹಿಡಿದುಕೊಂಡೆ. ಏನು ಹೇಳಬೇಕೆಂದು ಯೋಚಿಸಲೇ ಇಲ್ಲ, ಬಾಯಿಂದ ತಾನಾಗಿ ಬಂತು.

"ಅವಳನ್ನ ಬಿಟ್ಟು ಹೋಗೋದು ಬೇಡವ್ವಾ. ಅವಳು ಮಗು ಮೈಮೇಲೇ ಇದ್ದಾಳಲ್ಲ. ಬೇವಿನ ಸೊಪ್ಪು ತಗೊಂಡು, ಅವಳನ್ನೂ ಕರ್ಕೊಂಡೇ ಆಸ್ಪತ್ರೆಗೆ ಹೋಗೋಣ. ನೀನೇ ಕರಿ, ಬರ್ತಾಳೆ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ದೇವಿಯ ಕಡೆ ತಿರುಗಿ, ನಮ್ಮ ಜೊತೆ ಬರ್ತೀಯಾ ತಾಯಿ ಎಂದು ಕೇಳಿದಳು. ಬಲಗಡೆಯ ಹೂವು ಬಿತ್ತು. ನಾನು ಓದಿದವಳು, ಒದ್ದೆ ಹೂವು ಒಣಗಿದರೆ ಬೀಳುತ್ತದೆಂದು ನನಗೂ ಗೊತ್ತು. ಹಾಗೆ ಹೇಳುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ ಅವಳನ್ನೂ ಕರೆದುಕೊಂಡೇ ಹೋಗೋಣ ಅನ್ನುವ ಆ ಮಾತು ನನ್ನದಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಒಂದು ಮಾತು ನನಗೆ ಹೊಳೆದಿರಲಿಲ್ಲ.

ಆಂಬುಲೆನ್ಸ್ ಮನೆ ಬಾಗಿಲಿಗೇ ಬಂತು. ಅವ್ವ ಹೊಸ್ತಿಲಲ್ಲಿ ಕಾಯಿ ಒಡೆದು, ಬಾಮ್ಮ, ಹತ್ತಮ್ಮ ಎಂದು ಕರೆದು, ಆಮೇಲೆ ತಾನು ಹತ್ತಿದಳು. ಆಸ್ಪತ್ರೆಯಲ್ಲಿ ಮಗುವನ್ನು ಬೇರೆ ಕೋಣೆಯಲ್ಲಿಟ್ಟು ಆಕ್ಸಿಜನ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಬೇವಿನ ಸೊಪ್ಪನ್ನು ಎಲ್ಲಿಡಲಿ ಎಂದು ಅವ್ವ ಹೆದರುತ್ತಾ ಕೇಳಿದಾಗ ನರ್ಸಮ್ಮ ಅದನ್ನು ಇಸಕೊಂಡು, ತೊಳೆದು, ಕಿಟಕಿಯ ಸರಳಿಗೆ ತಾವೇ ಸಿಕ್ಕಿಸಿದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಶೋಭಾ ಮಂಚ ಬಿಟ್ಟು ಕದಲಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಸಪ್ಪಲಮ್ಮನ ನಾಮವನ್ನೇ ಹೇಳಿಕೊಳ್ಳುತ್ತಿದ್ದೆ. ಒಂದು ಮುಂಜಾನೆ ಹನ್ಸಿಕಾ ಕಣ್ಣು ಬಿಟ್ಟು, ಒಗ್ಗರಣೆ ಹಾಕಿದ ಸಾರು ಬೇಕು ಎಂದು ಹಟ ಹಿಡಿದಳು. ಅಮ್ಮ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ನಾಲಿಗೆ ಕೆಟ್ಟುಹೋಗಿತ್ತು ಪಾಪ. ಅವ್ವ ನಗುತ್ತಾ ಅಳುತ್ತಾ ನನ್ನ ತೋಳು ಹಿಡಿದುಕೊಂಡಳು.

ಮಗು ಮನೆಗೆ ಬಂದ ಮೇಲೆ ಗುಡಿಗೆ ಮೊಸರನ್ನ, ತಂಬಿಟ್ಟು ಒಯ್ದು, ಅಮ್ಮನನ್ನು ತಂಪು ಮಾಡಿ ಕಳಿಸುವ ತಣಿವು ಮಾಡಿದೆವು. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಬೇವು ಕಟ್ಟಿದ್ದ ಮನೆಗಳ ಜಗುಲಿಗೆ ಹೋಗಿ ಕೂತು, ನಮ್ಮ ಮನೆಯಲ್ಲಿ ನಡೆದದ್ದನ್ನೆಲ್ಲಾ ಹೇಳಿದಳು. ಒಂದೊಂದೇ ಬಾಗಿಲು ತೆರೆಯಿತು. ಬೇವಿನ ಕೊಂಬೆ ಹಿಡಿದುಕೊಂಡೇ ಅವರು ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದರು. ಇನ್ನೂ ರೋಗ ತಟ್ಟದ ಮಕ್ಕಳಿಗೆ ಗುಡಿಯ ಪಡಸಾಲೆಯಲ್ಲೇ ಲಸಿಕೆ ಹಾಕಿದೆವು. ನಾನು ಕಚೇರಿಗೆ ಹೋಗಿ ಮೈಕಿನ ಮಾತು ಬದಲಾಯಿಸುತ್ತೇನೆ ಎಂದೆ. ಮೇಲಿನ ಸಾಹೇಬರು ಹಣೆ ಉಜ್ಜಿಕೊಂಡು, ಯಾರಾದರೂ ಆಕ್ಷೇಪ ಮಾಡಿದರೆ ಯಾರು ಉತ್ತರ ಕೊಡುತ್ತಾರೆ ಎಂದರು. ಉತ್ತರ ಕೊಡುವ ಕೆಲಸವೂ ನನ್ನದೇ ಅಲ್ಲವಾ ಸಾರ್ ಎಂದೆ. ನಕ್ಕು ಒಪ್ಪಿದರು. ಈ ಸಲ ಅವ್ವ ನನ್ನ ದನಿ ಬೇಡವೇ ಬೇಡ ಎಂದಳು, ನಾನು ಮಾತಾಡಿದರೆ ಕರೆಂಟ್ ಬಿಲ್ ಕಟ್ಟಿ ಅಂದ ಹಾಗೆ ಕೇಳಿಸುತ್ತದಂತೆ. ಅಮ್ಮನನ್ನೂ ಕರ್ಕೊಂಡು ಆಸ್ಪತ್ರೆಗೆ ಬನ್ನಿ ಎಂದು ಮೈಕಿಗೆ ತಾನೇ ಹೇಳಿದಳು.

ಇದನ್ನು ಓದುತ್ತಿರುವ ನೀವೆಲ್ಲಾ ನನ್ನ ಹಾಗೆಯೇ ಸಪ್ಪಲಮ್ಮನನ್ನು ನಂಬಿದವರು. ಮಕ್ಕಳಿಗೆ ಲಸಿಕೆ ಹಾಕಿಸಿ. ಅದಾದ ಮೇಲೂ ನಿಮ್ಮ ಮನೆಗೆ ಅಮ್ಮ ಬಂದರೆ ಬೇವು ಕಟ್ಟಿ, ದೀಪ ಹಚ್ಚಿ, ಅವಳನ್ನು ಕರೆದುಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ. ಅವಳು ಬೇಡ ಅನ್ನುವುದಿಲ್ಲ. ಇದು ಇಲಾಖೆಯ ಮಾತಲ್ಲ, ಅವಳನ್ನೇ ಕೇಳಿಕೊಂಡು ಬಂದು ಹೇಳುತ್ತಿದ್ದೇನೆ.