ಬಂಗಡೆ ಬಂದ ಮರುದಿನದ ಚುಚ್ಚುಮದ್ದು

ಪರ್, ಪರ್, ಪರ್. ಅಪ್ಸರಕೊಂಡದ ಕೆಳಗಿನ ಮೀನುಗಾರರ ಕೇರಿಯಲ್ಲಿ ಬೆಳಗಾಗುವುದು ದುರ್ಗಮ್ಮ ಮೀನಿನ ಹುರುಪೆ ಕೆರೆಯುವ ಸದ್ದಿಗೆ. ಅವಳ ವಯಸ್ಸು ಎಪ್ಪತ್ತೊಂದು, ಇಲ್ಲವೇ ಎಪ್ಪತ್ತನಾಲ್ಕು. ಆಧಾರ್ ಕಾರ್ಡಿನಲ್ಲಿ ಬೇರೆಯೇ ಒಂದು ಸಂಖ್ಯೆಯಿದೆ. ಅದರ ಮೇಲೆ ಅವಳಿಗೆ ಸಿಟ್ಟೇನಿಲ್ಲ.

ಆ ದಿನ ಅವಳ ಜಗುಲಿಯಲ್ಲಿ ಅರ್ಚಿತಾ ಕುಳಿತಿದ್ದಳು. ಸಂತೆಗುಳಿಯ ತೋಟದ ಮನೆಯವಳು, ಮೀನು ತಿನ್ನದವಳು, ಆರೋಗ್ಯ ಸಮೀಕ್ಷೆಯ ಕೆಲಸ. ಕೇರಿಯಲ್ಲಿ ಅರವತ್ತು ದಾಟಿದವರು ಮೂವತ್ತು ಜನ. ಅವರಲ್ಲಿ ಎಷ್ಟು ಮಂದಿ ಈ ವರ್ಷದ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೆಂದು ಅವಳು ಬರೆಯಬೇಕು. ಹದಿನೈದು ಆದರೆ ಮುಂದಿನ ವರ್ಷವೂ ನರ್ಸು ಕೇರಿಗೇ ಬರುತ್ತಾರೆ. ಕಡಿಮೆಯಾದರೆ ಎಲ್ಲರೂ ಬಸ್ಸು ಹತ್ತಿ ಹೊನ್ನಾವರದ ಆಸ್ಪತ್ರೆಗೆ ಹೋಗಬೇಕು. ಪಕ್ಕದ ಮನೆಯ ಮಾದೇವಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು.

ಫಾರ್ಮಿಗೆ ತಾರೀಖು ಬೇಕು. ಚುಚ್ಚುಮದ್ದಿನ ಕಾರ್ಡುಗಳು ಮೀನಿನ ಬುಟ್ಟಿಗಳಲ್ಲಿ ನೆಂದು ಹೋಗಿದ್ದವು. ಎಲ್ಲರ ಚುಚ್ಚುಮದ್ದೂ ದುರ್ಗಮ್ಮನಿಗೆ ನೆನಪಿತ್ತು, ಮೀನಿನ ಲೆಕ್ಕದಲ್ಲಿ.

"ಮಾದೇವಿದು ದೊಡ್ಡ ಬಂಗಡೆ ಬಂದ ಮರುದಿನ. ವೆಂಕಟಂದು, ಬಲೆ ತುಂಬ ಬರೀ ಏಡಿ ಬಂದಿತ್ತಲ್ಲ, ಆವತ್ತು."

"ಬಂಗಡೆ ಅಂದ್ರೆ ಹೆಂಗಿರ್ತದೆ ದುರ್ಗಮ್ಮ?"

"ಅಯ್ಯ, ಅಕ್ಕೋರು ಬರೀ ಸೌತೆಕಾಯಿ ಜನ."

ಅರ್ಚಿತಾ ಮೀನಿನ ಹೆಸರು ಬರೆದುಕೊಂಡು, ದಡಕ್ಕೆ ಬಂದ ಮೀನನ್ನು ದಿನವೂ ಗುರುತು ಹಾಕಿಡುವ ದಿನೇಶನಿಗೆ ಫೋನು ಮಾಡುವಳು. ಅವನು ತಾರೀಖು ಹೇಳುವನು. ಅವಳ ಬಳಿಯಿದ್ದ, ನರ್ಸು ಬಂದ ದಿನಗಳ ಚೀಟಿಗೆ ಅದು ಪ್ರತಿಸಲವೂ ತಾಳೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು. ಹದಿನೈದು ಮಂದಿ ಹಾಕಿಸಿಕೊಂಡಿರಲಿಲ್ಲ. ಕೇಳಲು ಉಳಿದವನು ಎಂಬತ್ತರ ಶನಿಯಾರ ಒಬ್ಬನೇ. ಅವನು ಎದುರಿಗೇ ಕುಳಿತು ಜೇಬಿನಲ್ಲಿ ಬೀಡಿ ಹುಡುಕುತ್ತಿದ್ದ.

"ನಂದೂ ಆತು. ಬರ್ಕಳಿ."

"ಯಾವ ಮೀನು?" ಎಂದಳು ಅರ್ಚಿತಾ.

ಶನಿಯಾರ ದುರ್ಗಮ್ಮನ ಮುಖ ನೋಡಿದ. ಅವಳು ಒಂದು ಮೀನಿನ ಹೆಸರು ಹೇಳಿದರೆ ಸಾಕಿತ್ತು. ಗೋಡೆಯಾಚೆ ಮಾದೇವಿ ಕೆಮ್ಮಿದಳು. ಹುರುಪೆ ಕೆರೆಯುವ ಸದ್ದು ನಿಂತಿತು.

"ಅಂವ ಹಾಕಸ್ಕಂಡಿಲ್ಲ," ಎಂದಳು ದುರ್ಗಮ್ಮ. "ನರ್ಸಮ್ಮನ ಕಂಡು ದೋಣಿ ಅಡಿಗೆ ಹೊಕ್ಕಂಡಿದ್ದ. ಕಾಲು ಹೊರಗಿತ್ತು."

"ಅದು ನನ್ ಕಾಲಲ್ಲ."

"ಆರು ಬೆರಳಿನ ಕಾಲು ಕೇರೀಲಿ ಇನ್ಯಾರಿಗದೆ?"

ಶನಿಯಾರ ಕಾಲು ಒಳಗೆಳೆದುಕೊಂಡ. ಅರ್ಚಿತಾ 'ಇಲ್ಲ' ಎಂದು ಬರೆಯಲು ಹೊರಟಳು.

"ಅಕ್ಕೋರೆ, ಫಾರಂ ಎಷ್ಟೊತ್ತಿಗೆ ಕೊಡೂದು?" ಎಂದಳು ದುರ್ಗಮ್ಮ.

"ಸಂಜೆ ಐದಕ್ಕೆ. ಅಷ್ಟರೊಳಗೆ ಹಾಕಿಸಿಕೊಂಡವರೆಲ್ಲ ಲೆಕ್ಕಕ್ಕೆ ಬರ್ತಾರೆ."

ದುರ್ಗಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ಏಳು ಶನಿಯಾರಣ್ಣ. ಬಸ್ಸು ಬರೂ ಹೊತ್ತಾತು."

"ನಂಗೆ ಊಟ ಆಗ್ಲಿಲ್ಲ ತಂಗಿ."

"ಹೊನ್ನಾವರದಲ್ಲಿ ಇಡ್ಲಿ ಸಿಕ್ತದೆ. ಮಾದೇವಿಗೆ ಬಸ್ಸು ಹತ್ತೂಕೆ ಆಗೂದಿಲ್ಲ. ನಿಂಗೆ ಆಗ್ತದೆ."

ಶನಿಯಾರ ಮಾದೇವಿಯ ಮನೆಯ ಗೋಡೆಯ ಕಡೆ ನೋಡಿದ. ಆಮೇಲೆ ಚಪ್ಪಲಿ ಹುಡುಕಿದ.

"ಯಾವ ಕೈಗೆ ಚುಚ್ಚೂದು?"

"ದುರ್ಗಮ್ಮ, ಒಂದ್ನಿಮಿಷ," ಅರ್ಚಿತಾ ಎದ್ದು ನಿಂತಳು. "ಆಧಾರ್ ಕಾರ್ಡ್ ಬೇಕಾಗ್ತದೆ. ಅದೂ ಅಲ್ದೆ ಇವತ್ತು ಹಾಕಿಸಿದ್ರೆ ಫಾರ್ಮಿನಲ್ಲಿ ಯಾವ ಮೀನು—"

ದುರ್ಗಮ್ಮ ಆಗಲೇ ಶನಿಯಾರನ ಕೈ ಹಿಡಿದು ಅಂಗಳ ದಾಟಿ ರಸ್ತೆಯಲ್ಲಿದ್ದಳು.